ಹದಿನಾರು ಸಾವಿರ ಹೊನ್ನಿನ ರೊಟ್ಟಿ ಹಂಚು

ದಾಳ ಶಕೆ ೩೧೨, ಇಪ್ಪತ್ತನೆಯ ಮಾಸ, ಸೊನ್ನೆಯ ತಾರೀಖು
ಗದಗ ಸಂಸ್ಥಾನ

ಹರಿದ ಮುಖಪುಟದ ಪುಸ್ತಕ ಬರೆದ ಮಹನೀಯರಿಗೆ,

ಈ ತಾರೀಖನ್ನು ನಿಮ್ಮ ಗೋಡೆಯ ಕ್ಯಾಲೆಂಡರಿನಲ್ಲಿ ಹುಡುಕಬೇಡಿ. ನಿಮ್ಮ ಆಟದ ದಾಳಕ್ಕೆ ಇಪ್ಪತ್ತು ಮುಖ ಇತ್ತೆಂಬ ಗೌರವಕ್ಕೆ ನಮ್ಮ ಹಿರಿಯರು ವರ್ಷಕ್ಕೆ ಇಪ್ಪತ್ತು ತಿಂಗಳು ಮಾಡಿದರು. ಒಂದೊಂದಕ್ಕೆ ಹದಿನೆಂಟು ದಿನ ಕೊಟ್ಟ ಮೇಲೂ ಐದು ದಿನ ಉಳಿದವು. ಅವನ್ನು ಎಲ್ಲಿ ತುರುಕಬೇಕೆಂದು ತಿಳಿಯದೆ ಐದಕ್ಕೂ ಸೊನ್ನೆಯ ತಾರೀಖು ಎಂದು ಹೆಸರಿಟ್ಟು ಕೈ ತೊಳೆದುಕೊಂಡರು. ನನ್ನ ಕನ್ನಡ ನಿಮಗೆ ಕಲ್ಲು ಸಿಕ್ಕ ಅನ್ನದಂತೆ ಅಲ್ಲಲ್ಲಿ ಕಟಕ್ಕೆನ್ನಬಹುದು; ಕ್ಷಮಿಸಿ. ವಿಚಿತ್ರ ಮಾತು ಬಂದ ಕಡೆ ಅಲ್ಲಲ್ಲೇ ಬಿಡಿಸಿ ಹೇಳುತ್ತೇನೆ. ನಾನು ಫಕ್ಕೀರಪ್ಪ ಸೂಡಿ, ಇಲ್ಲಿನ ಕಾಲೇಜಿನಲ್ಲಿ ದರಶಾಸ್ತ್ರ ಕಲಿಸುವವನು, ಜೊತೆಗೆ ಊರಿನ ದರಗಾರ. ಅಂದರೆ ಮಾಯಾವಸ್ತುಗಳಿಗೆ ಬೆಲೆ ಕಟ್ಟುವವನು. ದರಶಾಸ್ತ್ರ ಓದಿದವರೆಲ್ಲ ದರಿದ್ರರೇ ಎಂಬುದು ನಮ್ಮ ಶಾಸ್ತ್ರದಲ್ಲಿ ಈವರೆಗೆ ಸಾಬೀತಾಗಿರುವ ಏಕೈಕ ಸಿದ್ಧಾಂತ.

ನೀವು ನಾಲ್ವರು ಗೆಳೆಯರು ಮೇಜಿನ ಸುತ್ತ ಕೂತು ದಾಳ ಉರುಳಿಸಿ, ನಾನು ವೀರ, ನೀನು ಮಾಂತ್ರಿಕ, ಅವನು ಕಳ್ಳ ಎಂದು ಆಡುತ್ತಿದ್ದ ಆಟಕ್ಕೆ ಒಂದು ನಿಯಮದ ಪುಸ್ತಕ ಬರೆದಿರಿ. ಮನರಂಜನೆಗೆ ಬರೆದದ್ದು ಎಂದು ನನಗೆ ಗೊತ್ತು. ಆದರೆ ನಿಮ್ಮ ಕಾಲ ಮುಗಿದು ಬಹಳ ವರ್ಷಗಳಾದ ಮೇಲೆ ನೆಲದಡಿಯಿಂದ ನಿಜವಾದ ಮಾಯಾವಸ್ತುಗಳು ಏಳತೊಡಗಿದವು. ಬಾವಿ ತೋಡಿದರೆ ಉರಿಯುವ ಖಡ್ಗ, ಪಾಯ ತೆಗೆದರೆ ಹಾರುವ ಮೆಟ್ಟು. ಇವಕ್ಕೆ ಬೆಲೆ ಎಷ್ಟು, ಯಾರಿಗೆ ಸೇರಬೇಕು, ಹೇಗೆ ಮಾರಬೇಕು, ಯಾರಿಗೂ ತಿಳಿಯದು. ಹಾಳುಬಿದ್ದ ಗ್ರಂಥಾಲಯಗಳನ್ನೆಲ್ಲ ತಡಕಾಡಿದಾಗ ಮಾಯಾವಸ್ತುಗಳಿಗೆ ದರಪಟ್ಟಿ ಇದ್ದ ಪುಸ್ತಕ ಒಂದೇ ಒಂದು ಸಿಕ್ಕಿತು. ಅದು ನಿಮ್ಮದು. ಮುಖಪುಟ ಹರಿದಿತ್ತು, ಒಳಗಿನದೆಲ್ಲ ಸ್ಪಷ್ಟವಾಗಿತ್ತು. ಅಂದಿನಿಂದ ಅದೇ ನಮ್ಮ ಕಾನೂನು.

ಅಂಚಿನಲ್ಲಿ ನೀವು ಪೆನ್ಸಿಲ್ಲಿನಿಂದ ಗೀಚಿದ್ದೂ ಕಾನೂನೇ. "ಮೊದಲು ಗಿರ್ಮಿಟ್ಟು, ಆಮೇಲೆ ಯುದ್ಧ" ಎಂದು ಯಾರೋ ಬರೆದಿದ್ದೀರಿ. ನಮ್ಮ ನ್ಯಾಯಾಲಯಗಳಲ್ಲಿ ಇಂದಿಗೂ ಮಂಡಕ್ಕಿ ಗಿರ್ಮಿಟ್ಟು ಹಂಚದೆ ಯಾರ ತಲೆಯನ್ನೂ ತೆಗೆಯುವುದಿಲ್ಲ. "ಶನಿವಾರ ಆಟ ಇಲ್ಲ, ರುದ್ರನ ಮದುವೆ" ಎಂದಿದೆ. ಹಾಗಾಗಿ ಮುನ್ನೂರು ವರ್ಷಗಳಿಂದ ಶನಿವಾರ ಕೊಲೆ ನಿಷಿದ್ಧ. ರುದ್ರ ಯಾರೆಂದು ಪಂಡಿತರಲ್ಲಿ ಇನ್ನೂ ಜಗಳವಿದೆ. ಮದುವೆ ಸುಖವಾಗಿತ್ತೆಂದು ನಂಬಿದ್ದೇವೆ.

ನನ್ನ ಕೋರಿಕೆಯನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಈ ಓಲೆ ಪೂರ್ತಿ ತಲುಪುತ್ತದೆಂಬ ಭರವಸೆ ನನಗಿಲ್ಲ. ಅಂಗಡಿ ಮತ್ತು ಮಾರುಕಟ್ಟೆ ಎಂಬ ನಿಮ್ಮ ನಲವತ್ತೇಳನೆಯ ಪುಟದಲ್ಲಿ ಒಂದು ಸಾಲು ಸೇರಿಸಿ: "ಒಡೆಯನು ತನ್ನ ವಸ್ತುವನ್ನು ಬೇರೆಯವರಿಗೆ ಸುಮ್ಮನೆ ಕೊಡಬಹುದು." ಇಷ್ಟೇ. ಇದು ಹೇಳಬೇಕಾದ ಮಾತೇ ಎಂದು ನೀವು ನಗಬಹುದು. ನೀವು ಆಡುವಾಗ ಒಬ್ಬರ ಕತ್ತಿ ಇನ್ನೊಬ್ಬರಿಗೆ ಕೊಟ್ಟೇ ಇರುತ್ತೀರಿ, ಅದನ್ನು ಯಾರೂ ಬರೆದಿಡುವುದಿಲ್ಲ. ಬರೆದಿಡದ ಕಾರಣ ಇಲ್ಲಿ ದಾನ ಎಂಬುದು ಕಾನೂನಿನಲ್ಲಿಲ್ಲ. ಆ ಸಾಲು ಇಲ್ಲದ್ದರಿಂದ ನನ್ನ ಅಕ್ಕ ನೀಲಗಂಗವ್ವನ ತಲೆಯ ಮೇಲೆ ಇವತ್ತು ಬೆಳಗಿನವರೆಗೆ ಐವತ್ತೆರಡು ಸಾವಿರ ಹೊನ್ನಿನ ಬೆಲೆ ತೂಗುತ್ತಿತ್ತು.

ನಿಮ್ಮ ಪುಟ ನಲವತ್ತೇಳರಲ್ಲಿ ಏನಿದೆಯೆಂದು ನಿಮಗೇ ಮರೆತಿರಬಹುದು. ಅಂಗಡಿಯವನು ವಸ್ತುವನ್ನು ಪೂರ್ತಿ ದರಕ್ಕೆ ಮಾರುತ್ತಾನೆ, ಅರ್ಧ ದರಕ್ಕೆ ಕೊಳ್ಳುತ್ತಾನೆ. ನಡುಮಟ್ಟದ ಊರಿನ ಅಂಗಡಿಯಲ್ಲಿ ಮೂರು ಸಾವಿರ ಹೊನ್ನಿಗಿಂತ ಹೆಚ್ಚು ಇರುವುದಿಲ್ಲ. ವಸ್ತುವಿಗೂ ಒಡೆಯನಿಗೂ ನಂಟು ಇರುತ್ತದೆ. ಅಂಗಡಿಯಲ್ಲಿ ಮಾರಿದರೆ ಅಥವಾ ಒಡೆಯ ಸತ್ತರೆ ಮಾತ್ರ ಅದು ಬಿಡುತ್ತದೆ. ಸತ್ತವನ ವಸ್ತು ಕೊಂದವನಿಗೆ. ಪಕ್ಕದಲ್ಲಿ ಪೆನ್ಸಿಲ್ಲಿನ ಟಿಪ್ಪಣಿ: "ಸಾಕು, ಇದಕ್ಕಿಂತ ಲೆಕ್ಕ ಬೇಡ, ತಲೆನೋವು." ನಿಮ್ಮ ತಲೆನೋವು ವಾಸಿಯಾಯಿತು. ನಮ್ಮ ತಲೆಗಳೇ ಉರುಳಿದವು. ನೀವೇ ಲೆಕ್ಕ ಹಾಕಿ ನೋಡಿ. ಮಾರಿದರೆ ಅರ್ಧ ನಷ್ಟ, ಅಂಗಡಿಯಲ್ಲಿ ತಂದರೆ ಪೂರ್ತಿ ಖರ್ಚು, ಒಡೆಯನ ಕುತ್ತಿಗೆ ಕೊಯ್ದರೆ ಒಂದು ಬೆಳ್ಳಿಯೂ ಖರ್ಚಿಲ್ಲ. ಹೀಗಾಗಿ ಕೊಳ್ಳುವವರು ಕಡಿಮೆಯಾಗಿ ಕೊಲ್ಲುವವರು ಹೆಚ್ಚಾದರು, ಮತ್ತು ಅದಕ್ಕೆ ಕೊಳ್ಳೆ ಎನ್ನದೆ ವ್ಯಾಪಾರ ಎಂದರು. ಮೊದಲ ವರ್ಷದ ವಿದ್ಯಾರ್ಥಿಗಳಿಗೆ ನಾನು ಈ ಮೂರು ಪದಗಳ ಕಾಗುಣಿತವನ್ನೇ ಆರ್ಥಿಕ ಇತಿಹಾಸವೆಂದು ಕಲಿಸುತ್ತೇನೆ.

ಇಲ್ಲಿನ ದಿನಚರಿ ಹೇಗಿದೆಯೆಂದು ಸ್ವಲ್ಪ ಹೇಳಬೇಕು. ಬೆಳಿಗ್ಗೆ ಎದ್ದವರು ಮೊದಲು ಹೋಗುವುದು ಚೌಕದ ದರಫಲಕದ ಹತ್ತಿರ. ಯಾರ ಹೆಸರಿನ ಎದುರು ಯಾವ ವಸ್ತು, ಅದಕ್ಕೆ ಎಷ್ಟು ದರ, ಎಲ್ಲ ಅಲ್ಲಿ ಸುಣ್ಣದಲ್ಲಿ ಬರೆದಿರುತ್ತದೆ. ಮೊನ್ನೆ ಫಲಕದ ಮುಂದೆಯೇ ಒಬ್ಬ ಜವಳಿ ವ್ಯಾಪಾರಿಯ ಹೊಟ್ಟೆಗೆ ಅವನ ಪಾಲುದಾರ ಈಟಿ ಹಾಕಿದ. ಕರುಳು ಹೊರಗೆ ಬಂದು ನೆಲದಲ್ಲಿ ಬಿದ್ದರೂ ಆ ಪುಣ್ಯಾತ್ಮ ತನ್ನ ಉಂಗುರದ ದರ ಏರಿದೆಯೇ ಎಂದು ಕತ್ತು ತಿರುಗಿಸಿ ನೋಡುತ್ತಿದ್ದ. ಪಕ್ಕದಲ್ಲೇ ಕಷಾಯದ ಅಂಗಡಿ. ಗಾಯದ ಕಷಾಯ ಎಂದು ನೀವು ಬರೆದದ್ದು, ಕುಡಿದರೆ ಎಂಥ ಗಾಯವೂ ಮುಚ್ಚುತ್ತದೆ, ಸೀಸೆಗೆ ಐವತ್ತು ಹೊನ್ನು. ಕೂಲಿಯವನಿಗೆ ದಿನಕ್ಕೆ ಎರಡು ಬೆಳ್ಳಿ ಎಂದೂ ನೀವೇ ಬರೆದಿದ್ದೀರಿ. ಹತ್ತು ಬೆಳ್ಳಿಗೆ ಒಂದು ಹೊನ್ನು. ಇನ್ನೂರೈವತ್ತು ದಿನ ಉಪವಾಸವಿದ್ದು ದುಡಿದರೆ ಕೂಲಿಯವನಿಗೆ ಒಂದು ಸೀಸೆ. ಹಾಗಾಗಿ ಬಡವರು ಕಷಾಯದ ಕಪಾಟಿನ ಎದುರೇ ರಕ್ತ ಸೋರಿ ಸಾಯುತ್ತಾರೆ. ಅಂಗಡಿಯವನು ಪಾಪ, ಒಳ್ಳೆಯವನು. ಕುಡಿಯಲು ನೀರು ಕೊಡುತ್ತಾನೆ.

ಮನೆಗಳೊಳಗೆ ಇನ್ನೂ ಚೆಂದ. ತಂದೆ ತಾಯಿ ತಾವಾಗಿ ಸತ್ತರೆ ವಸ್ತು ಸಂಸ್ಥಾನಕ್ಕೆ ಹೋಗುತ್ತದೆ, ಕೊಂದವರಿಗೆ ಮಾತ್ರ ಸೇರುತ್ತದಲ್ಲ. ಅದಕ್ಕಾಗಿ ಕಡೇಗತ್ತಿ ಎಂಬ ಸಂಸ್ಕಾರ ಹುಟ್ಟಿಕೊಂಡಿತು. ಹಿರಿಯರ ಕೊನೆಯುಸಿರಿನ ಸುಮಾರಿಗೆ ಹಿರಿಮಗ ಕುತ್ತಿಗೆಗೆ ಕತ್ತಿ ಎಳೆಯಬೇಕು. ಒಂದು ಕಡೆ ವೈದ್ಯ, ಇನ್ನೊಂದು ಕಡೆ ವಕೀಲ. ವೈದ್ಯ "ಸ್ವಲ್ಪ ಚೇತರಿಸಿಕೊಂಡಂಗ ಕಾಣಸ್ತದ" ಅಂದರೆ ಮನೆಯವರ ಮುಖ ಸಣ್ಣದಾಗುತ್ತದೆ. ಆಸ್ತಿ ಬೇಕೆಂದರೆ ಅಸ್ಥಿಯವರೆಗೆ ಕೊಯ್ಯಬೇಕು. ನಮ್ಮ ಅಪ್ಪನ ಹತ್ತಿರ ಚಳಿಯಲ್ಲಿ ಮೈ ಬೆಚ್ಚಗಿಡುವ ಒಂದು ಉಂಗುರ ಇತ್ತು. ಆಗ ಕತ್ತಿ ನನ್ನ ಕೈಯಲ್ಲಿತ್ತು. ಅಕ್ಕ ಕತ್ತಿ ಕಿತ್ತುಕೊಂಡು ಹಿತ್ತಲಿಗೆ ಒಗೆದಳು. "ಉಂಗುರ ಹಾಳಾಗಿ ಹೋಗ್ಲಿ. ಅಪ್ಪ ಅರಾಮ ಸಾಯ್ಲಿ. ನೀ ಕುಂದ್ರು, ಕಾಲ ಒತ್ತು." ಅಪ್ಪ ತಾನಾಗಿಯೇ ಸತ್ತ. ವರ್ಷಗಟ್ಟಲೆ ನೆಂಟರು ನಮ್ಮನ್ನು ಕಂಡರೆ, ಅಪ್ಪನನ್ನು ಹಾಗೇ ಸಾಯಲು ಬಿಟ್ಟವರು ಎಂದು ಮುಖ ತಿರುವುತ್ತಿದ್ದರು.

ಈ ಅಕ್ಕ ಬೆಟಗೇರಿ ರಸ್ತೆಯಲ್ಲಿ ಖಾನಾವಳಿ ನಡೆಸುತ್ತಾಳೆ. ಈ ವರ್ಷದ ಮೊದಲ ಮಾಸದಲ್ಲಿ ಒಲೆ ಕೆಡವಿ ಹೊಸದು ಹಾಕುವಾಗ ನೆಲದೊಳಗೆ ಒಂದು ಕಪ್ಪು ಹಂಚು ಸಿಕ್ಕಿತು. ಅದನ್ನು ಉರಿಯ ಮೇಲಿಟ್ಟು ಅಂಗೈಯಿಂದ ತಟ್ಟಿದರೆ ಹಿಟ್ಟಿಲ್ಲದೆಯೇ ಜೋಳದ ರೊಟ್ಟಿ ಎದ್ದು ಬರುತ್ತದೆ. ಎಷ್ಟು ತಟ್ಟಿದರೆ ಅಷ್ಟು. ಅಕ್ಕ ಮರುದಿನದಿಂದಲೇ ಕೂಲಿಯವರಿಂದ ರೊಟ್ಟಿಯ ಕಾಸು ತೆಗೆದುಕೊಳ್ಳುವುದನ್ನು ಬಿಟ್ಟಳು. ಯಾಕೆಂದು ಕೇಳಿದ್ದಕ್ಕೆ "ಹಂಚು ಇರೂದು ಯಾತಕ್ಕಪಾ? ಹಂಚಾಕ" ಎಂದಳು. ನಮ್ಮ ಮನೆಯಲ್ಲಿ ಮಾತಿನ ಚಟ ನನಗೊಬ್ಬನಿಗೇ ಬಂದದ್ದಲ್ಲ.

ಹೊಸದಾಗಿ ಸಿಕ್ಕ ವಸ್ತುವಿಗೆ ದರಗಾರ ಬಂದು ಬೆಲೆ ಬರೆಯಬೇಕು. ದರಗಾರ ನಾನೇ. ಇಲ್ಲಿಂದ ಮುಂದಿನದನ್ನು ಹಾಸ್ಯದ ಧಾಟಿಯಲ್ಲಿ ಬರೆಯುವುದು ನನಗೆ ಕಷ್ಟ, ಆದರೂ ಪ್ರಯತ್ನಿಸುತ್ತೇನೆ. ನಾನು ಮೂರು ಹಗಲು ಆ ಹಂಚಿನ ಮುಂದೆ ಕೂತು ಅಳೆದೆ, ತೂಗಿದೆ, ರೊಟ್ಟಿ ಎಣಿಸಿದೆ. ನಿಮ್ಮ ಪಟ್ಟಿಯ ಅಕ್ಷಯ ವರ್ಗದಲ್ಲಿ ಇಂಥದೊಂದು ವಸ್ತು ಬಂದದ್ದು ನನ್ನ ವೃತ್ತಿಯಲ್ಲಿ ಅದೇ ಮೊದಲು. ಅದರ ನಿಜವಾದ ದರ ಹದಿನಾರು ಸಾವಿರ ಎಂದು ನಾಲ್ಕು ಪುಟದ ಟಿಪ್ಪಣಿಯೊಂದಿಗೆ ಫಲಕಕ್ಕೆ ಬರೆದೆ. ಕಾಲೇಜಿನಲ್ಲಿ ಸಹೋದ್ಯೋಗಿಗಳು ಕೈ ಕುಲುಕಿದರು. ನನಗೆ ಎಷ್ಟು ಹೆಮ್ಮೆಯಾಗಿತ್ತೆಂದರೆ, ಸಂಜೆ ಅಕ್ಕನ ಖಾನಾವಳಿಗೆ ಹೋಗಿ ಅವಳಿಗೂ ಓದಿ ಹೇಳಿದೆ. ಅವಳು ಕೇಳಿಸಿಕೊಂಡು ಒಂದೇ ಮಾತು ಕೇಳಿದಳು: "ಅದರಾಗ ಅರ್ಧ ಎಷ್ಟಾತು?"

ಎಂಟು ಸಾವಿರ. ಊರಿನ ಅಂಗಡಿಯ ತಿಜೋರಿಯಲ್ಲಿ ಇರಬಹುದಾದದ್ದು ಮೂರು ಸಾವಿರ. ಅಂಗಡಿಯ ಹುಸೇನಸಾಬರು ಒಮ್ಮೆ ಅದಕ್ಕಿಂತ ಮೂರು ಹೊನ್ನು ಹೆಚ್ಚು ಇಟ್ಟುಕೊಂಡಿದ್ದಕ್ಕೆ ಸಂಸ್ಥಾನದವರು ಅವರ ಎಡಗೈಯ ಮೂರು ಬೆರಳು ಕತ್ತರಿಸಿದ್ದರು. ಆರು ಸಾವಿರ ಎಂದು ಬರೆದಿದ್ದರೆ ಅವರು ಆ ಸಂಜೆಯೇ ಹಂಚನ್ನು ಕೊಂಡು ಅಕ್ಕನ ನಂಟು ಬಿಡಿಸುತ್ತಿದ್ದರು. ನಾನು ಸತ್ಯವನ್ನೇ ಬರೆದಿದ್ದೆ. ಹೀಗೆ ಅಕ್ಕ ಹಂಚನ್ನು ಮಾರುವಂತಿಲ್ಲ, ಕೊಡುವಂತಿಲ್ಲ. ಕೆರೆಗೆ ಎಸೆದರೂ ಫಲಕದಲ್ಲಿ ಅವಳ ಹೆಸರೇ ಇರುತ್ತದೆ. ಕಲ್ಯಾಣದ ದೊಡ್ಡ ಅಂಗಡಿಯಲ್ಲಿ ಇಪ್ಪತ್ತು ಸಾವಿರ ಇದೆ ಎನ್ನಿ, ಆದರೆ ಹದಿನಾರು ಸಾವಿರದ ಹೆಂಗಸು ಊರ ನಾಕಾ ದಾಟಿದ ಮೇಲೆ ಅವಳ ತಲೆ ಒಂದು ದಿಕ್ಕಿಗೆ, ಹಂಚು ಒಂದು ದಿಕ್ಕಿಗೆ. ಬರೆದ ದರವನ್ನು ತಿದ್ದಲು ಮರುದರದ ದಿನ, ಅಂದರೆ ವರ್ಷದ ಕಡೆಯ ಸೊನ್ನೆಯ ತಾರೀಖು ಬರಬೇಕು. ಬೆಲೆ ಬರೆದೆ, ಅದು ಬಲೆಯಾಯಿತು, ಬಲಿ ಯಾರೆಂದು ಇಡೀ ಊರಿಗೆ ಗೊತ್ತಾಯಿತು.

ಒಂಬತ್ತನೆಯ ದಿನ ಅಣ್ಣಿಗೇರಿಯಿಂದ ನಾಲ್ವರು ಸಾಹಸಿಗಳು ಬಂದರು. ನೀವು ಯಾರನ್ನು ವೀರರೆಂದು ಆಡುತ್ತೀರೋ ಅವರೇ, ಇಲ್ಲಿ ಪರವಾನಗಿ ಇರುವ ಕೊಲೆಗಾರರು. ಮುಂದಾಳು ಗುರುಶಾಂತ ಎಂಬವನು, ವಿನಯವಂತ. ನಾನು ಬಾಗಿಲ ಬಳಿ ಗಲ್ಲಾಪೆಟ್ಟಿಗೆಯ ಹತ್ತಿರ ಕೂತಿದ್ದೆ. ನಾಲ್ವರೂ ಚಾಪೆಯ ಮೇಲೆ ಕೂತು ಆರಾರು ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಉಂಡರು. ಗುರುಶಾಂತ ಕೈ ತೊಳೆದು ದುಡ್ಡು ತೆಗೆದ. "ಯಕ್ಕಾ, ಊಟದ ರೊಕ್ಕ ಮೊದ್ಲ ತಗೋರಿ. ಆಮ್ಯಾಲ ತಗೊಳ್ಳಾಕ ನೀವ ಇರೂದಿಲ್ಲ." ಅಕ್ಕ ದುಡ್ಡು ಎಣಿಸಿದಳು. "ಎಣ್ಣೆಗಾಯಿದು ಕೊಟ್ಟಿಲ್ಲ ನೋಡಪಾ" ಎಂದಳು. ಅವನು ನಾಚಿಕೊಂಡು ಮತ್ತೆ ಚೀಲಕ್ಕೆ ಕೈ ಹಾಕಿದಾಗ ಅವಳು ಒಲೆಯ ಮೇಲಿದ್ದ ಕೆಂಪಗೆ ಕಾದ ಹಂಚನ್ನು ಇಕ್ಕಳದಲ್ಲಿ ಹಿಡಿದು ಅವನ ಮುಖಕ್ಕೆ ಒತ್ತಿದಳು. ಚರ್ಮ ಚುರ್ರೆಂದದ್ದು, ಆ ವಾಸನೆ, ನನಗೆ ಇನ್ನೂ ರೊಟ್ಟಿ ತಿನ್ನಲು ಬಿಡುವುದಿಲ್ಲ. ಎರಡನೆಯವನ ತಲೆಯ ಮೇಲೆ ಕುದಿಯುವ ಸಾರಿನ ಪಾತ್ರೆ ಬಿತ್ತು. ಮೂರನೆಯವನು ಅವಳ ಭುಜಕ್ಕೆ ಕತ್ತಿ ಹಾಕಿದ, ಎಲುಬು ಕಂಡಿತು. ಅವಳು ಅದೇ ಕೈಯಿಂದ ರುಬ್ಬುಗುಂಡು ಎತ್ತಿ ಅವನ ತಲೆಬುರುಡೆಗೆ ಹಾಕಿದಳು. ನಾಲ್ಕನೆಯವನು ಬಾಗಿಲಿಗೆ ಓಡಿ ಬರುತ್ತಿದ್ದ. ನಾನು ಕಾಲು ಚಾಚಿದೆ. ಇಡೀ ಕಾಳಗದಲ್ಲಿ ದರಶಾಸ್ತ್ರದ ಕೊಡುಗೆ ಅಷ್ಟೇ. ಮುಗ್ಗರಿಸಿ ಬಿದ್ದವನ ಬೆನ್ನಿಗೆ ಅವನ ಗೆಳೆಯನ ಕತ್ತಿಯನ್ನೇ ಇಳಿಸಿದಳು.

ಆಮೇಲೆ ಅಕ್ಕ ಚಾಪೆಯ ಮೇಲೆ ಕೂತು ಅತ್ತಳು. ನಾಲ್ವರ ಎಲೆಗಳೂ ಇನ್ನೂ ತೆಗೆದಿರಲಿಲ್ಲ. "ಅಪ್ಪನ ಕುತ್ತಿಗಿಗೆ ಕತ್ತಿ ಹಚ್ಚಬ್ಯಾಡ ಅಂದಾಕಿ ನಾ. ಈಗ ನೋಡು ಏನ್ ಮಾಡೇನಿ." ಅಷ್ಟರಲ್ಲಿ ಫಲಕದ ಗುಮಾಸ್ತ ಓಡಿ ಬಂದು ಅಭಿನಂದನೆ ಹೇಳಿ, ಸತ್ತವರ ಮೂರು ಪಟ್ಟಿನ ಖಡ್ಗ (ಏಟಿಗೆ ಮೂರು ಪಟ್ಟು ಬಲ ಕೊಡುವಂಥದು) ಎಂಟು ಸಾವಿರ, ಉಂಗುರ ಮೂರು ಸಾವಿರ ಎಂದು ಅವಳ ಹೆಸರಿಗೆ ಬರೆದುಕೊಂಡು ಹೋದ. ಹದಿನಾರು ಸಾವಿರದ ಹೆಂಗಸು ಸಂಜೆಗೆ ಇಪ್ಪತ್ತೇಳು ಸಾವಿರದವಳಾದಳು.

ನಿಮ್ಮ ಪುಸ್ತಕದಲ್ಲಿ ಯಾರೂ ಕಾಣದ ಗುಂಡಿ ಇದು, ಗಮನವಿಟ್ಟು ಓದಿ. ಬದುಕಿ ಉಳಿದಷ್ಟೂ ಅವಳ ಬೆಲೆ ಏರಿತು. ಬೆಲೆ ಏರಿದಷ್ಟೂ ದೊಡ್ಡ ತಂಡ ಬಂತು. ಹುಬ್ಬಳ್ಳಿಯಿಂದ ಆರು ಜನ ಬಂದರು, ಬೆಳಗಾವಿಯಿಂದ ಒಂಬತ್ತು. ಎರಡು ಸಾವಿರದ ಸಣ್ಣ ಖಡ್ಗವೊಂದನ್ನು ಅಕ್ಕ ಹುಸೇನಸಾಬರಿಗೆ ಅರ್ಧಕ್ಕೆ, ಸಾವಿರಕ್ಕೆ, ಮಾರಿದಳು. ಅವರು ನಿಯಮದಂತೆ ಅದನ್ನು ಮುಂದಿನ ಸಾಹಸಿಗೆ ಎರಡು ಸಾವಿರಕ್ಕೆ ಮಾರಿದರು. ಆ ಸಾಹಸಿ ಅದನ್ನೇ ಹಿಡಿದು ಅಕ್ಕನನ್ನು ಕೊಲ್ಲಲು ಬಂದು ಅದೇ ಖಡ್ಗ ಹೊಟ್ಟೆಯಲ್ಲಿ ಇಟ್ಟುಕೊಂಡು ಸತ್ತ. ಅಕ್ಕ ಮತ್ತೆ ಮಾರಿದಳು. ಮೂರನೆಯ ಸಲ ಅಂಗಡಿಗೆ ಹೋದಾಗ ಹುಸೇನಸಾಬರು ಎದ್ದು ನಿಂತು ನಮಸ್ಕರಿಸಿದರು: "ಬರ್ರಿ ಅಕ್ಕಾರ. ನಿಮ್ಮ ಕತ್ತಿ ತವರಮನಿಗೆ ಬಂತಲ್ರಿ ಮತ್ತ. ಈ ಸಲ ಯಾರ ಪೈಕಿ?" ಊರಿನಲ್ಲಿ ಲಾಭ ಮಾಡಿದವರು ಅವರೊಬ್ಬರೇ, ಮತ್ತು ಆ ಲಾಭವನ್ನೂ ಮೂರು ಸಾವಿರ ಮೀರುವ ಮೊದಲು ಸಂಸ್ಥಾನದವರು ಒಯ್ಯುತ್ತಿದ್ದರು.

ಶನಿವಾರ ಮಾತ್ರ ಶಾಂತಿ. ರುದ್ರನ ಮದುವೆಯ ದಿನವಾದ್ದರಿಂದ ಭಾನುವಾರ ಕೊಲ್ಲಲು ಬಂದವರು ಶನಿವಾರ ಸಾಲಾಗಿ ಊಟಕ್ಕೆ ಕೂರುತ್ತಿದ್ದರು. ಅಕ್ಕ ಬಡಿಸುತ್ತಿದ್ದಳು. "ನಾಳೆ ಸಾಯಾಂವ ಇದ್ದಿ, ಇನ್ನೊಂದು ರೊಟ್ಟಿ ಉಣ್ಣು" ಎಂದು ಒಬ್ಬನಿಗೆ ಒತ್ತಾಯ ಮಾಡಿದ್ದನ್ನು ನಾನೇ ಕೇಳಿದ್ದೇನೆ. ಅವನು ಎರಡು ಹಾಕಿಸಿಕೊಂಡ. ಅವಳು ಹೇಳಿದ್ದು ಸುಳ್ಳಾಗಲಿಲ್ಲ.

ಹತ್ತೊಂಬತ್ತನೆಯ ಮಾಸಕ್ಕೆ ಸತ್ತವರು ಮೂವತ್ತೊಂದು. ಅಕ್ಕನ ಬಲಗಿವಿ ಹೋಗಿತ್ತು, ಎಡಗೈ ಮೇಲೇಳುತ್ತಿರಲಿಲ್ಲ. ಖಾನಾವಳಿಯ ಹಿಂದಿನ ಕೋಣೆಯಲ್ಲಿ ಹುಸೇನಸಾಬರ ತಿಜೋರಿ ಸಾಲದೆ ಮಾರಲಾಗದ ಕತ್ತಿ, ಕವಚ, ಕಿರೀಟಗಳ ರಾಶಿ; ಮಲಗಲು ಬೇರೆ ಜಾಗವಿಲ್ಲದೆ ಅದರ ಮೇಲೆಯೇ ಚಾಪೆ ಹಾಸಿಕೊಳ್ಳುತ್ತಿದ್ದಳು. ಒಟ್ಟು ಐವತ್ತೆರಡು ಸಾವಿರ. ಸಂಸ್ಥಾನದ ಗುಮಾಸ್ತರು ನಿಮ್ಮ ಪುಸ್ತಕ ತಿರುವಿ ನೋಡಿದರು. ಐವತ್ತು ಸಾವಿರಕ್ಕೆ ಮೇಲ್ಪಟ್ಟ ರಾಶಿಯ ಮೇಲೆ ಮಲಗುವುದೆಂದು ನೀವು ಬರೆದಿರುವುದು ಒಂದೇ ಒಂದು ಜೀವಿಯ ಬಗ್ಗೆ: ಬೆಂಕಿ ಉಗುಳುವ ಘಟಸರ್ಪ. ಅವರು ನೀಲಗಂಗವ್ವನ ಹೆಸರನ್ನು ಮನುಷ್ಯರ ಪಟ್ಟಿಯಿಂದ ಹೊಡೆದು ಪ್ರಾಣಿಗಳ ಪಟ್ಟಿಗೆ ಸೇರಿಸಿದರು. ಅಲ್ಲಿ ಪೆನ್ಸಿಲ್ಲಿನಲ್ಲಿ ಹೀಗಿದೆ: "ಇದರ ಜೊತೆ ಮಾತಾಡಬೇಡಿ, ನೇರವಾಗಿ ಹೊಡೀರಿ." ಮರುದಿನದಿಂದ ಊಟಕ್ಕೆ ಬರುತ್ತಿದ್ದ ಕೂಲಿಯವರೂ ಅವಳ ಜೊತೆ ಮಾತು ನಿಲ್ಲಿಸಿದರು. ಕಾನೂನು. ತಟ್ಟೆ ಚಾಚುತ್ತಿದ್ದರು, ತಲೆ ತಗ್ಗಿಸಿ ಉಣ್ಣುತ್ತಿದ್ದರು, ಕಣ್ಣೀರು ಒರೆಸಿಕೊಂಡು ಹೋಗುತ್ತಿದ್ದರು. ಮೂವತ್ತೊಂದು ಕೊಲೆಗಿಂತ ಆ ಮೌನ ಅವಳನ್ನು ಹೆಚ್ಚು ಕೊಂದಿತು. ನಿಮ್ಮ ಆಟದಲ್ಲಿ ನೀವು ಎಷ್ಟು ಘಟಸರ್ಪಗಳನ್ನು ಹೊಡೆದಿದ್ದೀರೋ ನನಗೆ ಗೊತ್ತಿಲ್ಲ. ಅವುಗಳಲ್ಲಿ ಮೊದಲು ಖಾನಾವಳಿ ನಡೆಸುತ್ತಿದ್ದವು ಎಷ್ಟು ಎಂದು ಒಮ್ಮೆಯಾದರೂ ಕೇಳಿದ್ದಿದ್ದರೆ ಚೆನ್ನಾಗಿತ್ತು.

ಹೋದ ವಾರ ಕಲ್ಯಾಣದಿಂದ ನೂರು ಸಾಹಸಿಗಳ ದಂಡು ಬಂದು ಬೆಟಗೇರಿ ರಸ್ತೆಯ ಎರಡೂ ಬದಿಗೆ ಡೇರೆ ಹೊಡೆಯಿತು. ಮರುದರ ಮುಗಿದ ಮೇಲೆ, ಅಂದರೆ ನಾಳೆ, ನುಗ್ಗುವುದೆಂದು ನಿನ್ನೆ ಡಂಗುರ ಸಾರಿದರು. ಅಕ್ಕ ನನ್ನನ್ನು ಕರೆಸಿ ಕತ್ತಿಯೊಂದನ್ನು ಮುಂದಿಟ್ಟಳು. "ತಮ್ಮಾ, ನೂರು ಮಂದೀನ ನನ್ನ ಕೈಲೆ ಆಗೂದಿಲ್ಲ. ಅಷ್ಟು ಮಂದಿ ಕೂಡಿ ಎಳದಾಡೂದಕ್ಕಿಂತ ನೀನ ಕುತ್ತಿಗಿ ಕೊಯ್ಯಿ. ಹಂಚು ನಿನ್ನ ಹೆಸರಿಗೆ ಆಗ್ತೈತಿ. ಮಂದಿಗೆ ರೊಟ್ಟಿ ಹಾಕು." ನಾನು ಕತ್ತಿಯನ್ನು ಹಿತ್ತಲಿಗೆ ಒಗೆದೆ. ಅವಳು ಬೈದಳು. ನಾನೂ ಬೈದೆ. ಆಮೇಲೆ ಅವಳು ಸತ್ತವರ ಚೀಲಗಳಿಂದ ತೆಗೆದಿಟ್ಟಿದ್ದ ಒಂದು ಓಲೆಯನ್ನು ಕೊಟ್ಟಳು. ಹಿಂದೋಲೆ ಎನ್ನುತ್ತಾರೆ, ಬರೆದು ಸುಟ್ಟರೆ ಹಿಂದಿನ ಕಾಲಕ್ಕೆ ತಲುಪುತ್ತದೆ. ಓಲೆ, ಕಷಾಯ ಇವು ಬಳಸಿದರೆ ಮುಗಿಯುವ ಸರಕಾದ್ದರಿಂದ ಇವಕ್ಕೆ ನಂಟಿಲ್ಲ, ಕೈಯಿಂದ ಕೈಗೆ ಹೋಗಬಹುದು. "ನೀ ಭಾಳ ಓದಿದಾಂವ. ಆ ಪುಸ್ತಕ ಬರದಾರಿಗೆ ಒಂದು ಮಾತ ಹೇಳು" ಎಂದಳು. ಅದರ ಮೇಲೆಯೇ ಈಗ ಬರೆಯುತ್ತಿದ್ದೇನೆ.

ಇವತ್ತು ಮರುದರದ ದಿನ. ಬೆಳಿಗ್ಗೆ ನಾನು ಸುಣ್ಣದ ಡಬ್ಬಿ ಹಿಡಿದು ದಂಡಿನ ನಡುವೆ ನಡೆದು ಖಾನಾವಳಿಗೆ ಹೋದೆ. ದರಗಾರನನ್ನು ತಡೆಯುವಂತಿಲ್ಲ, ಸಾಹಸಿಗಳೇ ದಾರಿ ಬಿಟ್ಟು, "ಜರಾ ಛಲೋ ದರ ಹಾಕ್ರಿ ಮಾಸ್ತರ, ದೂರದಿಂದ ಬಂದೇವಿ" ಎಂದು ಬೆನ್ನು ತಟ್ಟಿದರು. ಸುಮ್ಮನೆ ನೋಡುವವನಂತೆ ಒಂದೊಂದು ವಸ್ತುವನ್ನೂ ಎತ್ತಿ ನೋಡಿದೆ. ನಂತರ ಚೌಕಕ್ಕೆ ಬಂದು ಫಲಕದಲ್ಲಿ ಅವಳ ಹೆಸರಿನ ಕೆಳಗೆ ಹೊಸ ದರ ಬರೆದೆ. ಮೂರು ಪಟ್ಟಿನ ಖಡ್ಗ: ತುಕ್ಕು, ಒಂದು ಬೆಳ್ಳಿ. ಕಿರೀಟ: ಹಿತ್ತಾಳೆ, ಅರ್ಧ ಬೆಳ್ಳಿ. ಹೀಗೆ ಒಂದೊಂದಾಗಿ. ಕಡೆಗೆ, ರೊಟ್ಟಿ ಹಂಚು: ಸಾದಾ, ಎರಡು ಬೆಳ್ಳಿ. ಎಲ್ಲ ಸೇರಿ ನಾಲ್ಕು ಹೊನ್ನೂ ಆಗಲಿಲ್ಲ. ಅಕ್ಷರಗಳು ದುಂಡಾಗಿಯೇ ಬಂದವು.

ನೂರು ಜನ ಫಲಕದ ಮುಂದೆ ನಿಂತು ಎರಡು ಸಲ ಓದಿದರು. ಹಂಚಿನಿಂದ ರೊಟ್ಟಿ ಏಳುವುದನ್ನು ಅವರು ಕಣ್ಣಾರೆ ಕಂಡವರು, ಅದೇ ರೊಟ್ಟಿ ಆ ಗಳಿಗೆಯಲ್ಲಿ ಅವರ ಹೊಟ್ಟೆಯಲ್ಲಿತ್ತು. ಆದರೆ ನಾಳೆ ಅವಳನ್ನು ಕೊಂದು ಹಂಚನ್ನು ಯಾವ ಅಂಗಡಿಗೆ ಒಯ್ದರೂ ಫಲಕದ ದರದ ಅರ್ಧ ಸಿಗುತ್ತದೆ: ಒಂದು ಬೆಳ್ಳಿ. ನೂರು ಜನಕ್ಕೆ ಒಂದು ಬೆಳ್ಳಿ. "ಎರಡು ಬೆಳ್ಳಿ ಹಂಚಿಗೆ ರುಬ್ಬುಗುಂಡಿನ ಏಟು ಯಾಂವ ತಿಂತಾನಪಾ?" ಎಂದು ಅವರ ನಾಯಕ ಉಗಿದು ಡೇರೆ ಕೀಳಿಸಿದ. ಮಧ್ಯಾಹ್ನದ ಹೊತ್ತಿಗೆ ರಸ್ತೆಯಲ್ಲಿ ಕುದುರೆ ಲದ್ದಿ ಮಾತ್ರ ಉಳಿದಿತ್ತು. ಗುಮಾಸ್ತರು ಗೊಣಗುತ್ತ ನೀಲಗಂಗವ್ವನ ಹೆಸರನ್ನು ಮನುಷ್ಯರ ಪಟ್ಟಿಗೆ ಮರಳಿ ಬರೆದರು. ಕೂಲಿಯವರು ಬಾಗಿಲಲ್ಲಿ ಗುಂಪುಗೂಡಿ ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು. ಯಾರು ಏನು ಹೇಳಿದರೆಂದು ಒಂದೂ ತಿಳಿಯಲಿಲ್ಲ.

ನಿಮಗೆ ಒಂದು ವಿಷಯ ಹೇಳುವುದು ಬಾಕಿ ಇದೆ. ಪುಟ ನಲವತ್ತೆಂಟರ ಅಂಚಿನಲ್ಲಿ ನಿಮ್ಮಲ್ಲಿ ಯಾರೋ ತಮಾಷೆಗೆ "ದರ ತಪ್ಪು ಹೇಳಿದವನ ತಲೆ ತೆಗೀರಿ" ಎಂದು ಗೀಚಿದ್ದೀರಿ. ಸಂಸ್ಥಾನದ ತನಿಖೆಯವರು ನಾಳೆ ಬರುತ್ತಾರೆ. ಸುಳ್ಳು ಪತ್ತೆಹಚ್ಚಲು ಅವರಿಗೆ ಎರಡು ರೊಟ್ಟಿ ತಟ್ಟುವಷ್ಟು ಹೊತ್ತು ಸಾಕು. ಆದರೆ ಒಮ್ಮೆ ಬರೆದ ದರ ಮುಂದಿನ ಮರುದರದವರೆಗೆ ಅಳಿಸುವಂತಿಲ್ಲ, 'ನಾಲ್ಕು ಹೊನ್ನಿಗೆ ಕಡಿಮೆ' ಎಂಬುದು ಒಂದು ವರ್ಷ ನಿಲ್ಲುತ್ತದೆ. ಆ ಒಂದು ವರ್ಷವನ್ನು ನಾನು ಅಕ್ಕನಿಗಾಗಿ ಕೊಂಡಿದ್ದೇನೆ. ನನ್ನ ಜೀವನದಲ್ಲಿ ಪೂರ್ತಿ ದರ ಕೊಟ್ಟು ಕೊಂಡ ಒಂದೇ ವಸ್ತು ಇದು, ದರಗಾರನಾಗಿ ಹೇಳುತ್ತೇನೆ, ಅಗ್ಗವಾಯಿತು. ಅದರಾಚೆಗಿನ ವರ್ಷಗಳು ನಿಮ್ಮ ಪೆನ್ಸಿಲ್ಲಿನ ತುದಿಯಲ್ಲಿವೆ. ನೀವು ಆ ಸಾಲು ಸೇರಿಸಿದರೆ ನಾನು ಹುಟ್ಟುತ್ತೇನೋ ಇಲ್ಲವೋ ತಿಳಿಯದು, ಹುಟ್ಟದಿದ್ದರೆ ಬೇಸರವಿಲ್ಲ.

ಅಕ್ಕನಿಗೆ ಈ ಶಿಕ್ಷೆಯ ವಿಷಯ ಗೊತ್ತಿಲ್ಲ. ಅವಳು ಪುಟ ನಲವತ್ತೆಂಟು ಓದಿದವಳಲ್ಲ. ಸಂಜೆ ಸೆರಗು ಸಿಕ್ಕಿಸಿಕೊಂಡು ನಮ್ಮ ಮನೆಗೇ ಬಂದಳು. ಕಾಲಿಗೆ ಬೀಳುತ್ತಾಳೇನೋ ಎಂದು ನಾನು ಎದ್ದು ನಿಂತೆ. "ಎರಡು ಬೆಳ್ಳೀನಾ?" ಎಂದಳು, ಬೀದಿಯಲ್ಲೆಲ್ಲ ಕೇಳುವಂತೆ. "ನನ್ನ ಹಂಚಿಗೆ? ಸಾದಾ ಅಂತ ಬರದೀಯಂತಲ್ಲೋ, ಕಲಿತ ಕತ್ತೆ! ನಿನ್ನ ಕಣ್ಣಿಗೆ ಏನ್ ಬಡದೈತಿ? ಇನ್ನ ಎಂಟು ದಿನ ನನ್ನ ಮನಿ ಹೊಸ್ತಲಾ ತುಳಿಬ್ಯಾಡ. ನಿನಗ ರೊಟ್ಟಿ ಇಲ್ಲ, ಚಟ್ನಿ ಇಲ್ಲ." ಬಾಗಿಲು ಬಡಿದು ಹೋದಳು. ಅವಳ ಚಪ್ಪಲಿಯ ಸದ್ದು ತಿರುವಿನವರೆಗೂ ಸಿಟ್ಟಿನಲ್ಲೇ ಹೋಯಿತು. ಎಂಟು ದಿನ ಎಂದಿದ್ದಾಳೆ. ನಾಳೆ ಬದುಕಿರುವುದೇ ಖಾತ್ರಿಯಿಲ್ಲದವಳು, ಎಂಟು ದಿನ ಮುನಿಸಿಕೊಳ್ಳುತ್ತೇನೆಂದು ಒಂದು ವರ್ಷದಿಂದ ಯಾರಿಗೂ ಹೇಳಿರಲಿಲ್ಲ.

ನಿಮ್ಮ ಮೇಜಿನ ನಾಲ್ವರಿಗೂ, ರುದ್ರನಿಗೂ ಅವನ ಹೆಂಡತಿಗೂ ನನ್ನ ನಮಸ್ಕಾರ.

ಫಕ್ಕೀರಪ್ಪ ಸೂಡಿ
ದರಗಾರ, ಗದಗ